ಹನ್ನಳ ಚಿಕ್ಕ ನಿಲುವಂಗಿಯೂ ಶಾಲೆಯ ಬಿಸಿಯೂಟವೂ

ಓದತಕ್ಕ ಭಾಗಗಳು: ೧ ಸಮುವೇಲ ೨ನೆಯ ಅಧ್ಯಾಯ, ೧೨ರಿಂದ ೨೦ನೆಯ ವಚನಗಳು, ಗಲಾತ್ಯ ೨ನೆಯ ಅಧ್ಯಾಯ, ೧೧ರಿಂದ ೧೪ನೆಯ ವಚನಗಳು.



ಹನ್ನಳೆಂಬ ತಾಯಿಯ ವೃತ್ತಾಂತವು ನಮ್ಮ ಸಭೆಗಳಲ್ಲಿ ಎಲ್ಲರಿಗೂ ತಿಳಿದದ್ದೇ. ಮಕ್ಕಳಿಲ್ಲದೆ ನೊಂದಿದ್ದ ಆಕೆಯು ಶೀಲೋವಿನಲ್ಲಿ ಕಣ್ಣೀರಿಟ್ಟು ಬೇಡಿಕೊಂಡದ್ದನ್ನೂ, ದೇವರು ಆಕೆಗೆ ಸಮುವೇಲನನ್ನು ಕೊಟ್ಟದ್ದನ್ನೂ, ಮಗುವು ಮೊಲೆ ಬಿಟ್ಟ ಮೇಲೆ ಆಕೆಯು ಅವನನ್ನು ಯಾಜಕನಾದ ಏಲಿಯ ಬಳಿಯಲ್ಲಿ ಬಿಟ್ಟುಹೋದದ್ದನ್ನೂ ನಾವು ಅನೇಕಸಾರಿ ಕೇಳಿದ್ದೇವೆ. ಆದರೆ ಅದರ ಮುಂದೆ ಬರುವ ಒಂದು ಚಿಕ್ಕ ಸಂಗತಿಯನ್ನು ನಾವು ಬೇಗನೆ ದಾಟಿಹೋಗುವದುಂಟು. ಅದೇನಂದರೆ, ಆ ತಾಯಿಯು ಪ್ರತಿವರುಷವೂ ಗಂಡನ ಸಂಗಡ ಯಜ್ಞಕ್ಕೆ ಬರುವಾಗ ಮಗನಿಗಾಗಿ ಒಂದು ಚಿಕ್ಕ ನಿಲುವಂಗಿಯನ್ನು ತನ್ನ ಕೈಯಾರೆ ಮಾಡಿ ತರುತ್ತಿದ್ದಳು. ಆ ಕಾಲದಲ್ಲಿ ಯಜ್ಞವೆಂದರೆ ಊಟವೂ ಹೌದು. ಎಲ್ಕಾನನು ಯಜ್ಞದ ದಿವಸದಲ್ಲಿ ಹೆಂಡತಿಯರಿಗೂ ಮಕ್ಕಳಿಗೂ ಪಾಲು ಹಂಚುತ್ತಿದ್ದನೆಂದು ಹಿಂದಿನ ಅಧ್ಯಾಯವು ತಿಳಿಸುತ್ತದೆ. ಹೀಗೆ ಮಗನನ್ನು ದೇವರಿಗೆ ಒಪ್ಪಿಸಿದ ತಾಯಿಯು ಒಪ್ಪಿಸಿದೆನೆಂದು ಮನೆಯಲ್ಲಿ ಸುಮ್ಮನೆ ಕೂತುಕೊಳ್ಳಲಿಲ್ಲ. ಅವನಿರುವ ಸ್ಥಳಕ್ಕೆ ಬಂದಳು, ಅವನನ್ನು ಕಣ್ಣಾರೆ ನೋಡಿದಳು.

ನಾವು ಸಹ ನಮ್ಮ ಮಕ್ಕಳನ್ನು ಹಗಲೆಲ್ಲಾ ಪರರ ಕೈಗೆ ಒಪ್ಪಿಸಿದವರು. ಚನ್ನಗಿರಿಯ ಕಡೆಯವರು ಅಡಿಕೆ ತೋಟದ ಕೆಲಸಕ್ಕೂ, ಹೊನ್ನಾಳಿಯ ಹೊಳೆಸಾಲಿನವರು ಭತ್ತದ ನಾಟಿಗೂ, ನ್ಯಾಮತಿಯವರು ಮೆಕ್ಕೆಜೋಳದ ಹೊಲಕ್ಕೂ ಬೆಳಿಗ್ಗೆಯೇ ಹೋಗುತ್ತೇವೆ. ಮಳೆ ಕಡಿಮೆಯಾದ ಜಗಳೂರು ಸೀಮೆಯವರು ಕೂಲಿಯನ್ನು ಹುಡುಕಿಕೊಂಡು ಊರು ಬಿಟ್ಟು ಹೋಗುವದೂ ಉಂಟು. ಮಕ್ಕಳು ಶಾಲೆಗೆ ಹೋಗುತ್ತಾರೆ. ಮಧ್ಯಾಹ್ನದಲ್ಲಿ ಅಲ್ಲಿಯೇ ಉಣ್ಣುತ್ತಾರೆ. ರೇಷನ್ ಕಾರ್ಡಿಗೋಸ್ಕರ ತಾಲ್ಲೂಕು ಕಚೇರಿಗೆ ನಾಲ್ಕು ಸಾರಿ ಅಲೆದವರು ನಮ್ಮಲ್ಲಿ ಬಹಳ ಮಂದಿ. ಆದರೆ ಮಗುವು ಉಣ್ಣುವ ಹೊತ್ತಿಗೆ ಶಾಲೆಗೆ ಹೋಗಿ ಅದರ ಪಕ್ಕದಲ್ಲಿ ಕೂತು ನೋಡಿದವರು ಎಷ್ಟು ಮಂದಿ? ಈ ಸಾರಿ ನಾವು ನಿಮ್ಮ ಮುಂದೆ ಇಡುವ ಮಾತು ಇದೊಂದೇ: ಹನ್ನಳು ಹೋದಂತೆ ನೀವೂ ಹೋಗಿರಿ.

ಮೊದಲು ಆ ಊಟವು ಹೇಗೆ ಬಂತೆಂಬದನ್ನು ಸ್ವಲ್ಪ ತಿಳಿಯೋಣ. ಹಸಿದ ಮಗುವಿಗೆ ಪಾಠವು ಹತ್ತುವದಿಲ್ಲವೆಂಬದು ಹಳ್ಳಿಯವರಿಗೆ ಯಾರೂ ಕಲಿಸಬೇಕಾದದ್ದಲ್ಲ. ಮದ್ರಾಸು ನಗರದ ಕೆಲವು ಶಾಲೆಗಳಲ್ಲಿ ೧೯೨೦ರ ಸುಮಾರಿಗೇ ಮಕ್ಕಳಿಗೆ ಊಟ ಕೊಡುವ ಏರ್ಪಾಡು ಆರಂಭವಾಯಿತು. ಭಾರತದ ಸುಪ್ರೀಂ ಕೋರ್ಟು ೨೦೦೧ನೆಯ ಇಸವಿ ನವೆಂಬರ್ ೨೮ರಂದು ಸರ್ಕಾರೀ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞೆಮಾಡಿತು. ಕರ್ನಾಟಕದಲ್ಲಿ ೨೦೦೨ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹವೆಂಬ ಹೆಸರಿನಿಂದ ಅದು ಮೊದಲಾಗಿ, ೨೦೦೩ರಲ್ಲಿ ನಮ್ಮ ದಾವಣಗೆರೆಯೂ ಸೇರಿದಂತೆ ಉಳಿದ ಜಿಲ್ಲೆಗಳಿಗೂ ಬಂತು. ೨೦೧೩ನೆಯ ಆಗಸ್ಟ್ ತಿಂಗಳಿಂದ ಹಾಲೂ ಸೇರಿತು. ಆಮೇಲೆ ಮೊಟ್ಟೆಯೂ, ಅದನ್ನು ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇಲ್ಲವೆ ಶೇಂಗಾ ಚಿಕ್ಕಿಯೂ ಸೇರಿದವು. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ ೧೦೦ ಗ್ರಾಂ ಧಾನ್ಯ, ೨೦ ಗ್ರಾಂ ಬೇಳೆ, ೫೦ ಗ್ರಾಂ ತರಕಾರಿ; ಆರರಿಂದ ಎಂಟನೆಯ ತರಗತಿಯವರಿಗೆ ೧೫೦ ಗ್ರಾಂ ಧಾನ್ಯ, ೩೦ ಗ್ರಾಂ ಬೇಳೆ, ೭೫ ಗ್ರಾಂ ತರಕಾರಿ ಎಂಬದು ಅದರ ಲೆಕ್ಕ. ಇದು ಯಾರೋ ದಯೆಯಿಂದ ಹಾಕುವ ಭಿಕ್ಷೆಯಲ್ಲ. ೨೦೧೩ರ ಆಹಾರ ಭದ್ರತಾ ಕಾಯಿದೆಯಿಂದ ಇದು ಮಗುವಿನ ಹಕ್ಕಾಗಿದೆ. ಆದಕಾರಣ ಅದನ್ನು ನೋಡಲು ಹೋಗುವ ತಂದೆತಾಯಿಗಳು ತಲೆ ತಗ್ಗಿಸಿಕೊಂಡು ಹೋಗಬೇಕಾದ ಕಾರಣವೇ ಇಲ್ಲ.

ಹಾಗಾದರೆ ಅಲ್ಲಿಗೆ ಹೋಗಿ ಏನನ್ನು ನೋಡಬೇಕು? ವೇದಭಾಗವು ನಮಗೆ ಮೂರು ಸಂಗತಿಗಳನ್ನು ಕಲಿಸುತ್ತದೆ.

ಒಂದನೆಯದು, ಮಗುವಿನ ಅಳತೆಯನ್ನು ನೋಡಬೇಕು.

ಹನ್ನಳು ತಂದ ನಿಲುವಂಗಿಯು ಮಗುವಿಗೆ ಸರಿಹೋಗಬೇಕಾದರೆ, ಅವನು ಈ ವರುಷ ಎಷ್ಟು ಬೆಳೆದಿರುವನೆಂದು ಆಕೆಯು ಲೆಕ್ಕಹಾಕಿರಬೇಕಷ್ಟೆ. ಹೋದ ವರುಷ ಬಂದಾಗ ಭುಜದ ಎತ್ತರವನ್ನೂ ತೋಳಿನ ಉದ್ದವನ್ನೂ ಕಣ್ಣಿನಿಂದಲೇ ಅಳೆದುಕೊಂಡು ಹೋಗಿರಬೇಕು. ಬಂದು ನೋಡದ ತಾಯಿಯು ಹೊಲಿದ ಅಂಗಿಯು ಮೈಗೆ ಹತ್ತುವದಿಲ್ಲ. ಹಾಗೆಯೇ ಬಂದು ನೋಡದ ತಂದೆತಾಯಿಗಳ ಪ್ರೀತಿಯು ನಿಜವಾದದ್ದಾದರೂ ಮಗುವಿನ ಅಳತೆಗೆ ಸರಿಹೋಗದೆ ಇರಬಹುದು.

ನಮ್ಮ ಸೀಮೆಯ ಒಂದು ಹಳ್ಳಿಯಲ್ಲಿ ನಮ್ಮ ಸಭೆಯ ಒಬ್ಬ ತಾಯಿಗೆ ಎರಡನೆಯ ತರಗತಿಯ ಮಗಳಿದ್ದಾಳೆ. ಆ ಹುಡುಗಿಯು ಸಾಯಂಕಾಲ ಮನೆಗೆ ಬಂದವಳೇ ಕೈಕಾಲು ತೊಳೆಯದೆ ತಂಗಳು ಮುದ್ದೆಗೆ ಕೈಹಾಕುತ್ತಿದ್ದಳು. ಮಧ್ಯಾಹ್ನ ಉಂಡೆಯಾ ಎಂದು ಕೇಳಿದರೆ, ಉಂಡೆನವ್ವಾ ಎನ್ನುತ್ತಿದ್ದಳು. ಹೊಟ್ಟೆಬಾಕಿಯೆಂದು ತಾಯಿಯು ಬೈದದ್ದೂ ಉಂಟು. ಕಡೆಗೆ ಒಂದು ದಿವಸ ಕೂಲಿಯನ್ನು ಬಿಟ್ಟು ಊಟದ ಹೊತ್ತಿಗೆ ಶಾಲೆಗೆ ಹೋದಳು. ಅಲ್ಲಿ ಕಂಡದ್ದು ಇಷ್ಟೇ: ಮುಂದಿನ ಹಲ್ಲುಗಳು ಬಿದ್ದಿದ್ದರಿಂದ ಹುಡುಗಿಯು ನಿಧಾನವಾಗಿ ಉಣ್ಣುತ್ತಿದ್ದಳು, ಸಾಲಿನ ಕೊನೆಯಲ್ಲಿ ಕೂತಿದ್ದರಿಂದ ಅವಳಿಗೆ ಬಡಿಸುವದೂ ಕೊನೆಯಲ್ಲಿಯೇ. ಅರ್ಧ ಉಣ್ಣುವಷ್ಟರಲ್ಲಿ ಮಿಕ್ಕ ಮಕ್ಕಳು ಎದ್ದು ತಟ್ಟೆ ತೊಳೆಯಲು ಓಡುತ್ತಿದ್ದರು. ಅವಳೂ ನಾಚಿಕೆಯಿಂದ ಅನ್ನವನ್ನು ಚೆಲ್ಲಿ ಎದ್ದುಬಿಡುತ್ತಿದ್ದಳು. ಇದರಲ್ಲಿ ಯಾರ ದ್ವೇಷವೂ ಇರಲಿಲ್ಲ. ಅನೇಕ ಮಕ್ಕಳನ್ನು ನೋಡಿಕೊಳ್ಳಬೇಕಾದ ಉಪಾಧ್ಯಾಯರಿಗೆ ಅದು ಕಣ್ಣಿಗೆ ಬಿದ್ದಿರಲಿಲ್ಲ. ತಾಯಿಯು ಮೆಲ್ಲಗೆ ತಿಳಿಸಿದಳು; ಮರುದಿವಸದಿಂದ ಚಿಕ್ಕವರಿಗೆ ಮೊದಲು ಬಡಿಸುವದು ರೂಢಿಗೆ ಬಂತು. ಒಂದು ಅರ್ಧ ದಿವಸದ ಕೂಲಿಯಿಂದ ಒಂದು ಮಗುವಿನ ಹಸಿವು ತೀರಿತು. ಇತರ ಎಳೆಯ ಮಕ್ಕಳಿಗೂ ಉಪಕಾರವಾಯಿತು.

ಮಕ್ಕಳು ಸುಳ್ಳು ಹೇಳುತ್ತಾರೆಂದು ಇದರ ಅರ್ಥವಲ್ಲ. ತಮಗಾಗುವ ಕಷ್ಟಕ್ಕೆ ಹೆಸರಿಡಲು ಅವರಿಗೆ ಮಾತು ಸಾಲದು. ಎಲ್ಲಿ ಕೂತೆ, ಯಾರ ಪಕ್ಕದಲ್ಲಿ ಕೂತೆ, ಯಾರು ದೂರ ಕೂತರು ಎಂಬದನ್ನು ಏಳು ವರುಷದ ಮಗು ಬಾಯಿಬಿಟ್ಟು ಹೇಳುವದಿಲ್ಲ. ಅದು ಉಂಡೆನೆಂದು ಮಾತ್ರ ಹೇಳುವದು. ಉಳಿದದ್ದನ್ನು ನಾವೇ ಹೋಗಿ ನೋಡಿ ತಿಳಿಯಬೇಕು.

ಎರಡನೆಯದು, ಪಾತ್ರೆಯನ್ನು ನೋಡಬೇಕು.

ಹನ್ನಳ ನಿಲುವಂಗಿಯ ಮಾತು ಬರುವ ಅಧ್ಯಾಯದಲ್ಲಿಯೇ ಅದಕ್ಕಿಂತ ಸ್ವಲ್ಪ ಮುಂಚೆ ಮತ್ತೊಂದು ಸಂಗತಿ ಇದೆ. ಏಲಿಯ ಮಕ್ಕಳು ದುಷ್ಟರಾಗಿದ್ದರು. ಜನರು ಯಜ್ಞಮಾಂಸವನ್ನು ಬೇಯಿಸುತ್ತಿರುವಾಗ ಅವರ ಆಳು ಮೂರು ಮುಳ್ಳಿನ ಕೊಂಡಿಯನ್ನು ಹಿಡಿದು ಬಂದು ಕುದಿಯುವ ಪಾತ್ರೆಯೊಳಗೆ ಚುಚ್ಚಿ, ಸಿಕ್ಕಿದ್ದನ್ನೆಲ್ಲಾ ಎತ್ತಿಕೊಂಡು ಹೋಗುತ್ತಿದ್ದನು. ಸಮುವೇಲನೆಂಬ ಬಾಲಕನು ಬೆಳೆದದ್ದು ಇಂಥ ಸ್ಥಳದಲ್ಲಿಯೇ! ಮುದುಕನಾದ ಏಲಿಗೆ ಇದು ತಿಳಿದಿತ್ತು. ಅವನು ಮಕ್ಕಳನ್ನು ಗದರಿಸಿದನು, ಆದರೆ ತಡೆಯಲಿಲ್ಲ. ಪರಿಶುದ್ಧ ಸ್ಥಳದ ಪಾತ್ರೆಗೇ ಕೊಂಡಿ ಹಾಕಿದವರಿದ್ದರೆಂದ ಮೇಲೆ, ಮನುಷ್ಯರು ನಡಿಸುವ ಯಾವ ಅಡುಗೆಮನೆಗೂ ಕಾವಲು ಬೇಡವೆಂದು ಹೇಳಲಾದೀತೇ?

ಕಾವಲಿಲ್ಲದ ಕಡೆಯಲ್ಲಿ ಆಗುವ ಅನರ್ಥವು ಎಷ್ಟೆಂಬದಕ್ಕೆ ಒಂದು ದುಃಖಕರವಾದ ಸಾಕ್ಷಿಯುಂಟು. ೨೦೧೩ನೆಯ ಜುಲೈ ೧೬ರಂದು ಬಿಹಾರದ ಸಾರಣ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ಮಕ್ಕಳಲ್ಲಿ ೨೩ ಮಂದಿ ಸತ್ತರು. ಬೆಳೆಗೆ ಹೊಡೆಯುವ ಕೀಟನಾಶಕವು ಅಡುಗೆಯಲ್ಲಿ ಸೇರಿತ್ತು. ಆ ಅಡುಗೆಯನ್ನು ಮಕ್ಕಳಿಗಿಂತ ಮುಂಚೆ ಒಬ್ಬ ದೊಡ್ಡವರು ಬಾಯಿಗಿಟ್ಟು ನೋಡಿ ತಡೆದಿದ್ದರೆ, ಎಷ್ಟೋ ಮನೆಗಳಲ್ಲಿ ಗೋಳು ತಪ್ಪುತ್ತಿತ್ತು. ಬಡಿಸುವದಕ್ಕೆ ಮುಂಚೆ ಉಪಾಧ್ಯಾಯರು ರುಚಿ ನೋಡತಕ್ಕದ್ದೆಂಬ ನಿಯಮವು ಇರುವದು ಇಂಥದಕ್ಕೋಸ್ಕರವೇ. ನಮ್ಮ ಮನೆಗಳಲ್ಲಿಯೂ ಮೆಕ್ಕೆಜೋಳಕ್ಕೂ ಅಡಿಕೆಗೂ ಹೊಡೆಯುವ ಔಷಧದ ಡಬ್ಬಗಳು ಇರುತ್ತವೆ. ಅಂಥ ಡಬ್ಬವನ್ನು ತೊಳೆದು ಎಣ್ಣೆಗೋ ನೀರಿಗೋ ಬಳಸುವವರು ಈ ಸಂಗತಿಯನ್ನು ನೆನಪಿಗೆ ತಂದುಕೊಳ್ಳಲಿ.

ಹಾಗೆಂದು ಅಡುಗೆಯವರ ಮೇಲೆ ಅಧಿಕಾರ ನಡಿಸಲು ಹೋಗಬೇಡಿರಿ. ಬಿಸಿಯೂಟದ ಅಡುಗೆ ಮಾಡುವವರಲ್ಲಿ ಹೆಚ್ಚಿನವರು ನಮ್ಮಂಥ ಬಡ ಹೆಣ್ಣುಮಕ್ಕಳು. ಅವರಿಗೆ ಸಂಬಳವಿಲ್ಲ, ಗೌರವಧನವೆಂಬ ಸ್ವಲ್ಪ ಹಣ ಮಾತ್ರ. ಬೇಸಿಗೆಯ ಬಿಸಿಲಿನಲ್ಲಿಯೂ ಒಲೆಯ ಮುಂದೆ ನಿಂತು ನೂರಾರು ಮಕ್ಕಳಿಗೆ ಬೇಯಿಸುವದು ಸುಲಭವಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದ್ದರೆ ಹೇಳಿರಿ. ಚೆನ್ನಾಗಿದ್ದರೆ ಅದನ್ನು ಇನ್ನೂ ಗಟ್ಟಿಯಾಗಿ ಹೇಳಿರಿ. ಅಕ್ಕಿಯಲ್ಲಿ ಹುಳುವಿದ್ದರೆ, ನೀರಿನ ತೊಟ್ಟಿಗೆ ಮುಚ್ಚಳವಿಲ್ಲದಿದ್ದರೆ, ತರಕಾರಿಯು ಹೆಸರಿಗೆ ಮಾತ್ರ ಇದ್ದರೆ ಮುಖ್ಯೋಪಾಧ್ಯಾಯರಿಗೆ ತಿಳಿಸಿರಿ. ಅದರಿಂದ ಆಗದಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರಿಗೆ ತಿಳಿಸಿರಿ. ಅವರು ಮಕ್ಕಳ ಪೋಷಕರೊಳಗಿಂದಲೇ ಆರಿಸಲ್ಪಟ್ಟವರಲ್ಲವೇ. ಏಲಿಯಂತೆ ಕಂಡು ಗೊಣಗಿ ಸುಮ್ಮನಾಗುವದು ವಿಶ್ವಾಸಿಗೆ ತಕ್ಕದ್ದಲ್ಲ.

ಮೂರನೆಯದು, ಪಂಕ್ತಿಯನ್ನು ನೋಡಬೇಕು. ನೋಡಿ ಅದರಲ್ಲಿ ಕೂತುಕೊಳ್ಳಬೇಕು.

ಇದು ಎಲ್ಲಕ್ಕಿಂತಲೂ ಭಾರವಾದ ಮಾತು. ಸುಪ್ರೀಂ ಕೋರ್ಟು ೨೦೦೪ನೆಯ ಏಪ್ರಿಲ್ ೨೦ರಂದು ಈ ಊಟದ ಅಡುಗೆಯವರನ್ನು ನೇಮಿಸುವಾಗ ದಲಿತರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಪ್ರಾಶಸ್ತ್ಯ ಕೊಡತಕ್ಕದ್ದೆಂದು ಆಜ್ಞೆಮಾಡಿತು. ಒಂದೇ ಪಾತ್ರೆಯಿಂದ ಉಂಡು ಬೆಳೆದ ಮಕ್ಕಳು ಜಾತಿಯ ಗೋಡೆಯನ್ನು ಮರೆಯಲಿ ಎಂಬ ಆಶೆ ಅದರಲ್ಲಿ ಕಾಣುತ್ತದೆ. ಆದರೂ ದಲಿತ ಹೆಣ್ಣುಮಗಳು ಅಡುಗೆ ಮಾಡಿದಳೆಂದು ಮಕ್ಕಳನ್ನು ಊಟದಿಂದ ಬಿಡಿಸಿದ ಸುದ್ದಿಗಳು ನಮ್ಮ ರಾಜ್ಯದಿಂದಲೂ ಬಂದಿವೆ. ಇದು ಅನ್ಯರ ಪಾಪವೆಂದು ನಾವು ಬೆರಳು ತೋರಿಸಿ ಸುಮ್ಮನಿರಬಹುದೇ?

ನಮ್ಮ ಸಭೆಗಳಲ್ಲೊಂದರ ಹಿರಿಯ ಸಹೋದರನ ಮನೆಯಲ್ಲಿ ನಾವು ಪ್ರಾರ್ಥನೆಗೆ ಹೋಗಿದ್ದಾಗ, ಮಗನಿಗೆ ದಿನಾಲೂ ಡಬ್ಬಿ ಕಟ್ಟಿ ಕಳುಹಿಸುವದನ್ನು ಕಂಡೆವು. ಯಾಕಣ್ಣಾ, ಶಾಲೆಯಲ್ಲಿ ಊಟವಿಲ್ಲವೇ ಎಂದು ಕೇಳಿದೆವು. ಆತನು ಧ್ವನಿ ತಗ್ಗಿಸಿ, ಇದೆ ಉಪದೇಶಿಗಳೇ, ಆದರೆ ಅಲ್ಲಿ ಒಲೆ ಹಚ್ಚುವವಳು ಯಾವ ಕೇರಿಯವಳೆಂದು ನಿಮಗೆ ಗೊತ್ತಲ್ಲಾ ಎಂದನು. ಕರ್ತನ ಮೇಜಿನ ಬಳಿಯಲ್ಲಿ ನಿನ್ನ ಕೈಗೆ ಬರುವ ಪಾತ್ರೆಯನ್ನು ನಿನಗಿಂತ ಮುಂಚೆ ಯಾವ ಕೇರಿಯವರು ಮುಟ್ಟಿರುತ್ತಾರೆ ಅಣ್ಣಾ ಎಂದು ನಾವು ಕೇಳಿದೆವು. ಆತನು ಉತ್ತರ ಕೊಡಲಿಲ್ಲ. ಆ ಹುಡುಗನು ಮಿಕ್ಕ ಮಕ್ಕಳು ಸಾಲಾಗಿ ಕೂತು ಉಣ್ಣುವಾಗ ಬೇವಿನ ಮರದ ಕೆಳಗೆ ಒಬ್ಬನೇ ಡಬ್ಬಿಯನ್ನು ಬಿಚ್ಚುತ್ತಾನೆ. ನಾವು ಇದನ್ನು ಬರೆಯುವಾಗಲೂ ಅದು ಹಾಗೆಯೇ ನಡೆಯುತ್ತಿದೆ.

ಅಪೊಸ್ತಲನಾದ ಪೇತ್ರನಿಗೂ ಇಂಥ ಶೋಧನೆ ಬಂತು. ಅಂತಿಯೋಕ್ಯದಲ್ಲಿ ಅವನು ಯೆಹೂದ್ಯರಲ್ಲದ ವಿಶ್ವಾಸಿಗಳ ಸಂಗಡ ಕೂತು ಉಣ್ಣುತ್ತಿದ್ದನು. ಯೆರೂಸಲೇಮಿನ ಕಡೆಯಿಂದ ಕೆಲವರು ಬಂದ ಕೂಡಲೇ ಹೆದರಿ ಹಿಂದೆಗೆದು ಬೇರೆ ಕೂತನು. ಅವನು ಸುಳ್ಳು ಉಪದೇಶವನ್ನೇನೂ ಮಾಡಲಿಲ್ಲ. ಕೂತ ಸ್ಥಳವನ್ನು ಬದಲಾಯಿಸಿದನು, ಅಷ್ಟೇ. ಆದರೂ ಅದನ್ನು ನೋಡಿ ಮಿಕ್ಕ ಯೆಹೂದ್ಯರು ಎದ್ದರು. ಬಾರ್ನಬನಂಥ ಒಳ್ಳೆಯವನೂ ಅವರ ಹಿಂದೆ ಹೋದನು. ಆಗ ಪೌಲನು ಎಲ್ಲರ ಮುಂದೆ ಪೇತ್ರನನ್ನು ಎದುರಿಸಿ ಮಾತಾಡಿದನು. ಯಾಕಂದರೆ ಊಟದ ಸಾಲಿನಿಂದ ಎದ್ದುಹೋದದ್ದು ಸುವಾರ್ತೆಯನ್ನೇ ಬಿಟ್ಟುಹೋದಂತೆ ಎಂದು ಪೌಲನು ಕಂಡುಕೊಂಡನು.

ದೊಡ್ಡವನಾದ ಬಾರ್ನಬನೇ ನೋಡಿ ಹಿಂಬಾಲಿಸಿದ ಮೇಲೆ ನಮ್ಮ ಚಿಕ್ಕ ಮಕ್ಕಳ ಗತಿಯೇನು? ಭಾನುವಾರದ ಶಾಲೆಯಲ್ಲಿ ದೇವರಿಗೆ ಎಲ್ಲರೂ ಮಕ್ಕಳೆಂದು ಹಾಡಿಸಿ, ಸೋಮವಾರ ಡಬ್ಬಿ ಕಟ್ಟಿ ಕಳುಹಿಸಿದರೆ, ಮಗುವು ಹಾಡನ್ನು ಮರೆತೀತು, ಡಬ್ಬಿಯನ್ನು ಮರೆಯದು. ಇದಕ್ಕೆ ಪ್ರತಿಯಾಗಿ, ಅದೇ ತಂದೆಯು ಒಂದು ಮಧ್ಯಾಹ್ನ ಶಾಲೆಗೆ ಹೋಗಿ, ಆ ತಾಯಿಯ ಕೈಯಿಂದ ಎರಡು ತುತ್ತು ಅನ್ನವನ್ನು ಬಡಿಸಿಕೊಂಡು ಉಂಡರೆ, ಮಗನು ಅದನ್ನು ಮುದುಕನಾಗುವ ತನಕ ನೆನಸುವನು. ಅಂದು ಅವನಿಗೆ ಬೇರೆ ಪ್ರಸಂಗವೇ ಬೇಡ.

ನಮ್ಮಲ್ಲಿ ಕೆಲವರಿಗೆ ಇದರ ಮತ್ತೊಂದು ಪಕ್ಕವೂ ಗೊತ್ತು. ನಮ್ಮ ಹಿರಿಯರನ್ನು ದೂರ ಕೂರಿಸಿ ಎತ್ತರದಿಂದ ನೀರು ಹೊಯ್ದ ಕಾಲವು ಬಹಳ ಹಿಂದಿನದಲ್ಲ. ನಿಮ್ಮ ಮಗುವನ್ನು ಬೇರೆ ಸಾಲಿನಲ್ಲಿ ಕೂರಿಸಿದ್ದನ್ನು ನೀವು ಕಂಡರೆ ಕೂಗಾಡಬೇಡಿರಿ, ಹೆದರಿ ಹಿಂದಕ್ಕೆ ಬರಲೂ ಬೇಡಿರಿ. ಮಗುವಿನ ಕೈಹಿಡಿದು ನಡುವಿನ ಸಾಲಿನಲ್ಲಿ ಕೂರಿಸಿ, ನೀವೂ ಕೂತುಕೊಳ್ಳಿರಿ; ಆಮೇಲೆ ಉಪಾಧ್ಯಾಯರ ಸಂಗಡ ಸಮಾಧಾನದಿಂದ ಮಾತಾಡಿರಿ. ಅಸ್ಪೃಶ್ಯತೆಯನ್ನು ರಾಜ್ಯಾಂಗದ ೧೭ನೆಯ ವಿಧಿಯು ತೆಗೆದುಹಾಕಿದೆ. ನ್ಯಾಯವು ನಿಮ್ಮ ಪಕ್ಷದಲ್ಲಿರುವಾಗ ಕೋಪವನ್ನು ಜೊತೆಗೆ ಕರೆದುಕೊಂಡು ಹೋಗಬೇಕಾದದ್ದಿಲ್ಲ.

ಇನ್ನು ಹೋಗುವ ರೀತಿಯನ್ನು ಕುರಿತು ಕೆಲವು ಮಾತುಗಳು. ಮುಖ್ಯೋಪಾಧ್ಯಾಯರಿಗೆ ಮುಂಚಿತವಾಗಿಯೇ ತಿಳಿಸಿ ಅಪ್ಪಣೆ ಪಡೆಯಿರಿ. ನಿಮ್ಮ ಮಗುವಿಗೆ ಮಾತ್ರ ಕಡುಬು ಹೋಳಿಗೆಗಳನ್ನು ಕಟ್ಟಿಕೊಂಡು ಹೋಗಬೇಡಿರಿ. ನೋಡುವ ಇತರ ಮಕ್ಕಳ ಕಣ್ಣುಗಳು ನಿಮಗೆ ಕಾಣಲಿ. ಹಿತ್ತಿಲಲ್ಲಿ ನುಗ್ಗೆಸೊಪ್ಪೋ ತೆಂಗಿನಕಾಯಿಯೋ ಇದ್ದರೆ, ಶಾಲೆಯವರು ಒಪ್ಪಿದರೆ, ಎಲ್ಲರ ಪಾತ್ರೆಗೆ ಕೊಡಿರಿ. ಆ ಊಟವು ಮಕ್ಕಳ ಲೆಕ್ಕದ್ದು. ಆದಕಾರಣ ಮಕ್ಕಳೆಲ್ಲರಿಗೂ ಬಡಿಸಿದ ಮೇಲೆ ನಿಮಗೆ ಒಂದೆರಡು ತುತ್ತು ಸಾಕು. ಕುರ್ಚಿಯನ್ನು ತಂದುಕೊಟ್ಟರೂ ನೆಲದ ಮೇಲೆ ಮಗುವಿನ ಪಕ್ಕದಲ್ಲಿಯೇ ಕೂತುಕೊಳ್ಳಿರಿ. ಎಲ್ಲರೆದುರಿಗೆ ಮಗುವನ್ನು ಗದರಿಸಬೇಡಿರಿ. ಲೆಕ್ಕದಲ್ಲಿ ಬಂದ ಅಂಕಗಳ ಮಾತನ್ನು ಅಂದು ಎತ್ತಬೇಡಿರಿ.

ಕೂಲಿ ತಪ್ಪುವದಲ್ಲಾ ಎಂದು ಕೆಲವರು ಕೇಳಬಹುದು. ನಿಜವೇ. ಅರ್ಧ ದಿವಸದ ಕೂಲಿಯು ಬಡವರಿಗೆ ಚಿಕ್ಕದಲ್ಲ. ಅದನ್ನು ಚಿಕ್ಕದೆಂದು ನಾವು ಹೇಳಲಾರೆವು. ಆದರೆ ವರುಷದಲ್ಲಿ ಒಂದು ದಿವಸ, ಸುಗ್ಗಿಯೂ ನಾಟಿಯೂ ಇಲ್ಲದ ಕಾಲದಲ್ಲಿ, ಹೋಗಲಾಗದೇ? ಹನ್ನಳು ಸಹ ವರುಷಕ್ಕೊಂದು ಸಾರಿಯೇ ಬರುತ್ತಿದ್ದದ್ದು. ನಮಗೆ ಓದು ಬರುವದಿಲ್ಲ, ಶಾಲೆಯಲ್ಲಿ ನಮಗೇನು ಕೆಲಸವೆಂದು ನಾಚುವವರೂ ಇದ್ದಾರೆ. ಅನ್ನವು ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಅಕ್ಷರವು ಬೇಕಾಗುವದಿಲ್ಲ; ಆ ವಿದ್ಯೆಯಲ್ಲಿ ನೀವೇ ಪಂಡಿತರು.

ಕಡೆಗೆ ಒಂದು ಮಾತು. ಆ ಸಾಲಿನಲ್ಲಿ ಯಾರೂ ನೋಡಲು ಬಾರದ ಮಕ್ಕಳೂ ಇರುತ್ತಾರೆ. ಒಬ್ಬನ ತಂದೆಯು ಕಾಫಿ ತೋಟದ ಕೂಲಿಗೆ ಘಟ್ಟಕ್ಕೆ ಹೋಗಿರಬಹುದು. ಒಬ್ಬಳ ತಾಯಿಯು ಮಣ್ಣಾಗಿರಬಹುದು. ನೀವು ಹೋದ ದಿವಸ ನಿಮ್ಮ ಮಗುವಿನ ಒಂದು ಪಕ್ಕದಲ್ಲಿ ನೀವು ಕೂತುಕೊಂಡರೆ, ಇನ್ನೊಂದು ಪಕ್ಕದಲ್ಲಿ ಅಂಥ ಒಬ್ಬರನ್ನು ಕರೆದು ಕೂರಿಸಿಕೊಳ್ಳಿರಿ. ನಮ್ಮ ಕರ್ತನು ಒಂದು ಚಿಕ್ಕ ಮಗುವನ್ನು ಶಿಷ್ಯರ ನಡುವೆ ನಿಲ್ಲಿಸಿ, ಇಂಥದೊಂದನ್ನು ತನ್ನ ಹೆಸರಿನಲ್ಲಿ ಸೇರಿಸಿಕೊಳ್ಳುವವನು ತನ್ನನ್ನೇ ಸೇರಿಸಿಕೊಳ್ಳುವನೆಂದು ಕಲಿಸಿದನಲ್ಲವೇ.

ಮಕ್ಕಳನ್ನು ಕೊಟ್ಟ ದೇವರು ಅವರ ಅಳತೆಯನ್ನು ತಿಳಿಯುವ ಕಣ್ಣನ್ನೂ, ಅವರ ಪಾತ್ರೆಯನ್ನು ಕಾಯುವ ಎಚ್ಚರವನ್ನೂ, ಅವರ ಪಂಕ್ತಿಯಲ್ಲಿ ಕೂತುಕೊಳ್ಳುವ ದೀನಮನಸ್ಸನ್ನೂ ನಮ್ಮೆಲ್ಲರಿಗೆ ಅನುಗ್ರಹಿಸಲಿ. ಬೇವಿನ ಮರದ ಕೆಳಗಿರುವ ಹುಡುಗನನ್ನು ಬೇಗನೆ ಸಾಲಿಗೆ ಕರೆದು ತರಲಿ. ಆಮೆನ್.